ಅಡ್ಡಕ್ಕೆ ಸಾಗುವ ಹಾಯಿದೋಣಿ
ಕಸುಮಿಗೌರಾ ಸರೋವರ, ಇಬಾರಕಿ ಪ್ರಾಂತ್ಯ, ಜಪಾನ್

ಹೊಬಿಕಿಬುನೆ ಎಂಬ ಈ ಪುಟ್ಟ ದೋಣಿ ಮೂತಿ ಮುಂದೆ ಮಾಡಿ ಓಡುವುದಿಲ್ಲ. ಗಾಳಿ ತಳ್ಳಿದತ್ತ ಅಡ್ಡಡ್ಡಲಾಗಿ ಜಾರುತ್ತದೆ. 1880ರಲ್ಲಿ ಇದನ್ನು ರೂಪಿಸಿದವರು ಇಲ್ಲಿಯವರೇ ಆದ ಓರಿಮೊಟೊ ರ್ಯೋಹೈ. ಅಲ್ಲಿಯತನಕ ದೊಡ್ಡ ಬಲೆ ಎಳೆಯಲು ಆಳುಗಳ ಗುಂಪೇ ಬೇಕಿತ್ತು. ಹಾಯಿ ಆ ಕೆಲಸಕ್ಕೆ ನಿಂತ ಮೇಲೆ ಒಬ್ಬಿಬ್ಬರೇ ಸಾಕಾದರು. ಕೈಯಲ್ಲಿ ಕಾಸಿಲ್ಲದ ಮೀನುಗಾರನೂ ತನ್ನ ದೋಣಿಯಲ್ಲಿ ತಾನೇ ದುಡಿಯುವಂತಾದದ್ದು ಸಣ್ಣ ಮಾತಲ್ಲ.

ದೋಣಿಯನ್ನು ಗಮನಿಸಿ ನೋಡಿ. ಒಂದು ಮಗ್ಗುಲಲ್ಲಿ ಗಾಳಿ ತುಂಬಿ ಉಬ್ಬಿದ, ದೋಣಿಗಿಂತಲೂ ಅಗಲವಾದ ಹಾಯಿ. ಇನ್ನೊಂದು ಮಗ್ಗುಲಲ್ಲಿ ನೀರೊಳಗಿನ ಬಲೆ. ಹಾಯಿ ಒಂದು ಕಡೆ ಜಗ್ಗಿದರೆ ಬಲೆಯ ಹಗ್ಗಗಳು ಇನ್ನೊಂದು ಕಡೆ ಜಗ್ಗುತ್ತವೆ. ದೋಣಿ ಮಗುಚದಿರುವುದು ಈ ಎಳೆದಾಟದಿಂದಲೇ. ಗಾಳಿ ಬಿರುಸಾದರೆ ಹಾಯಿಯನ್ನು ತಕ್ಷಣ ಇಳಿಸಬೇಕು. ಅದಕ್ಕೆ ಪಳಗಿದ ಕೈಯೇ ಆಗಬೇಕು.

ಬಲೆಗೆ ಬೀಳುತ್ತಿದ್ದದ್ದು ಬೆರಳುದ್ದದ ವಕಸಾಗಿ, ಗಾಜಿನಂತೆ ತಿಳಿಯಾದ ಶಿರಾವುವೊ ಎಂಬ ಮೀನುಗಳು. ಸೋಯಾ ರಸದಲ್ಲಿ ಸಿಹಿಯಾಗಿ ಬೇಯಿಸಿದ ವಕಸಾಗಿ ಇಂದಿಗೂ ಸರೋವರದ ದಡದ ಊರುಗಳ ಹೆಮ್ಮೆಯ ತಿನಿಸು.

1960ರ ದಶಕದಲ್ಲಿ ಎಂಜಿನ್ ದೋಣಿಗಳು ಬಂದು ಹಾಯಿಗಳು ಮರೆಯಾದವು. 1971ರಲ್ಲಿ ಪ್ರವಾಸಿಗರಿಗಾಗಿ ಮತ್ತೆ ಮೇಲೆದ್ದವು. ಕರ್ನಾಟಕದಲ್ಲಿ ಮಳೆ ಹಿಡಿಯುವ ಜುಲೈನ ಕೊನೆಯ ದಿನಗಳು ಇಲ್ಲಿ ಸುಡುಬೇಸಿಗೆ. ಹಾಯಿಗಳು ಬಿಚ್ಚಿಕೊಳ್ಳತೊಡಗುವುದು ಆಗಲೇ. ದಡದಿಂದಲೂ ಕಾಣುತ್ತವೆ, ಆದರೆ ವೀಕ್ಷಣೆಯ ದೋಣಿ ಹತ್ತಿ ಹತ್ತಿರದಿಂದಲೇ ನೋಡಬೇಕು.