ಮ್ಯಾಕ್‌ಡೊನಾಲ್ಡ್ ಮಂತ್ರಿಮಂಡಲ (1924)

ಬ್ರಿಟನ್ನಿನ ಮೊದಲ ಲೇಬರ್ ಸರ್ಕಾರ. 1924ರ ಜನವರಿ 22ರಿಂದ ನವೆಂಬರ್ 4ರವರೆಗೆ ರಾಮ್ಸೆ ಮ್ಯಾಕ್‌ಡೊನಾಲ್ಡ್ ನೇತೃತ್ವದಲ್ಲಿ ಅಲ್ಪಮತದಲ್ಲೇ ಆಡಳಿತ ನಡೆಸಿತು.

1923ರ ಡಿಸೆಂಬರ್ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ 258, ಲೇಬರ್ ಪಕ್ಷಕ್ಕೆ 191, ಲಿಬರಲ್ ಪಕ್ಷಕ್ಕೆ 158 ಸ್ಥಾನಗಳು ಬಂದವು. ಆಮದು ಸುಂಕದ ನೀತಿಗೆ ಜನಾದೇಶ ಕೇಳಿದ್ದ ಪ್ರಧಾನಿ ಸ್ಟ್ಯಾನ್ಲಿ ಬಾಲ್ಡ್ವಿನ್ ಜನವರಿ 21ರಂದು ಸದನದಲ್ಲಿ ಸೋತರು. ಅವರನ್ನು ಸೋಲಿಸಲು ಕೈಜೋಡಿಸಿದ ಲಿಬರಲ್ಲರು ಹೊಸ ಸರ್ಕಾರವನ್ನು ಸೇರಲಿಲ್ಲ. ಎರಡು ಪಕ್ಷಗಳ ನಡುವೆ ಒಪ್ಪಂದವೂ ಆಗಲಿಲ್ಲ. ಹೀಗಾಗಿ ಪ್ರತಿಯೊಂದು ಮಸೂದೆಗೂ ಲೇಬರ್ ಪಕ್ಷ ಅನ್ಯರ ಮತವನ್ನೇ ನೆಚ್ಚಬೇಕಾಯಿತು.

20 ಮಂದಿಯ ಸಂಪುಟದ ವಿಶೇಷವೆಂದರೆ ಅಲ್ಲಿದ್ದವರ ಹಿನ್ನೆಲೆ. ಹತ್ತನೆಯ ವಯಸ್ಸಿಗೇ ಹತ್ತಿ ಗಿರಣಿಗೆ ಸೇರಿದ್ದ ಜೆ. ಆರ್. ಕ್ಲೈನ್ಸ್ ಪ್ರಧಾನಿಯ ನಂತರದ ಸ್ಥಾನದಲ್ಲಿದ್ದರು. ಗಣಿಯಲ್ಲಿ ದುಡಿದಿದ್ದ ಸ್ಟೀಫನ್ ವಾಲ್ಷ್ ಯುದ್ಧ ಮಂತ್ರಿ, ರೈಲು ಎಂಜಿನ್ ಓಡಿಸಿದ್ದ ಜೆ. ಎಚ್. ಥಾಮಸ್ ವಸಾಹತು ಮಂತ್ರಿ. ಸಂಪುಟದ ಹೊರಗೆ ಕಾರ್ಮಿಕ ಖಾತೆಯ ಉಪಮಂತ್ರಿಯಾದ ಮಾರ್ಗರೆಟ್ ಬಾಂಡ್‌ಫೀಲ್ಡ್ ಬ್ರಿಟನ್ನಿನಲ್ಲಿ ಮಂತ್ರಿಸ್ಥಾನ ಪಡೆದ ಮೊದಲ ಮಹಿಳೆ. ಆಡಳಿತದ ಅನುಭವಕ್ಕೆಂದು ಪಕ್ಷದ ಹೊರಗಿನವರನ್ನೂ ಕರೆತಂದರು. ರೌಲತ್ ಕಾಯ್ದೆ ಹಾಗೂ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಕಾಲದಲ್ಲಿ ವೈಸ್‌ರಾಯ್ ಆಗಿದ್ದ ಚೆಮ್ಸ್‌ಫರ್ಡ್‌ಗೆ ನೌಕಾ ಖಾತೆ ಸಿಕ್ಕಿದ್ದು ಹೀಗೆ.

ಸರ್ಕಾರದ ಅತ್ಯಂತ ಬಾಳಿಕೆಯ ಕೆಲಸ ಆರೋಗ್ಯ ಮಂತ್ರಿ ಜಾನ್ ವೀಟ್ಲಿಯವರ ವಸತಿ ಕಾಯ್ದೆ. ನಗರಗಳಲ್ಲಿ ಬಾಡಿಗೆಗಾಗಿ ಕಟ್ಟುವ ಪ್ರತಿ ಮನೆಗೂ ಸ್ಥಳೀಯ ಸಂಸ್ಥೆಗೆ ವರ್ಷಕ್ಕೆ 9 ಪೌಂಡ್‌ನಂತೆ 40 ವರ್ಷ ಸಹಾಯಧನ. 1933ರ ಹೊತ್ತಿಗೆ ಇದರಡಿ ಸುಮಾರು 5 ಲಕ್ಷ ಮನೆಗಳು ಎದ್ದಿದ್ದವು. ವಿದೇಶಾಂಗ ಖಾತೆಯನ್ನೂ ತಾವೇ ಇಟ್ಟುಕೊಂಡಿದ್ದ ಮ್ಯಾಕ್‌ಡೊನಾಲ್ಡ್ ಸೋವಿಯತ್ ಒಕ್ಕೂಟಕ್ಕೆ ಮಾನ್ಯತೆ ನೀಡಿದರು. ಜರ್ಮನಿಯ ಯುದ್ಧ ಪರಿಹಾರದ ಬಿಕ್ಕಟ್ಟನ್ನು ಡಾವ್ಸ್ ಯೋಜನೆಯ ಮೂಲಕ ಸಡಿಲಿಸಿದರು.

ಭಾರತೀಯರ ನಿರೀಕ್ಷೆ ಮಾತ್ರ ಹುಸಿಯಾಯಿತು. ಪುಣೆಯಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿದ್ದ ಗಾಂಧೀಜಿಯ ಬಿಡುಗಡೆ ಫೆಬ್ರವರಿ 5ರಂದು ಆಯಿತು, ನಿಜ. ಆದರೆ ದುಂಡುಮೇಜಿನ ಪರಿಷತ್ತು ಕರೆಯಬೇಕೆಂಬ ಮೋತಿಲಾಲ್ ನೆಹರೂ ಅವರ ಬೇಡಿಕೆಗೆ ಸಿಕ್ಕಿದ್ದು ಬರೀ ವಿಚಾರಣಾ ಸಮಿತಿ. ಅಕ್ಟೋಬರ್‌ನಲ್ಲಿ, ವಿಚಾರಣೆಯಿಲ್ಲದೆ ಸೆರೆಯಿಡುವ ಬಂಗಾಳದ ಸುಗ್ರೀವಾಜ್ಞೆಗೆ ಇದೇ ಸರ್ಕಾರ ಒಪ್ಪಿಗೆ ಕೊಟ್ಟಿತು. ಸುಭಾಷ್‌ಚಂದ್ರ ಬೋಸ್ ಬಂಧನಕ್ಕೊಳಗಾದರು. ಸದನದಲ್ಲಿ ಸಂಖ್ಯೆಯಿಲ್ಲವೆಂಬ ಕಾರಣ ಈ ಸಮ್ಮತಿಗೆ ಸಮರ್ಥನೆಯಾಗಲಾರದು.

ಸೈನಿಕರು ಕಾರ್ಮಿಕರ ಮೇಲೆ ಗುಂಡು ಹಾರಿಸಬಾರದೆಂದು ಬರೆದ ಕಮ್ಯುನಿಸ್ಟ್ ಪತ್ರಿಕೆಯ ಸಂಪಾದಕ ಜೆ. ಆರ್. ಕ್ಯಾಂಪ್‌ಬೆಲ್ ಮೇಲಿನ ಮೊಕದ್ದಮೆಯನ್ನು ಹಿಂತೆಗೆದುಕೊಂಡದ್ದು ಪತನಕ್ಕೆ ನೆಪವಾಯಿತು. ತನಿಖೆ ಕೋರಿದ ಲಿಬರಲ್ ತಿದ್ದುಪಡಿಯನ್ನು ಮ್ಯಾಕ್‌ಡೊನಾಲ್ಡ್ ವಿಶ್ವಾಸದ ಪ್ರಶ್ನೆಯಾಗಿಸಿ, ಅಕ್ಟೋಬರ್ 8ರಂದು 198–364 ಮತಗಳಿಂದ ಸೋತರು. ಇದರಿಂದ ಮತ್ತೆ ಚುನಾವಣೆ ಬಂತು. ಅದರ ಮತದಾನಕ್ಕೆ ನಾಲ್ಕು ದಿನ ಮುಂಚೆ ಡೈಲಿ ಮೇಲ್ ಪತ್ರಿಕೆ ಪ್ರಕಟಿಸಿದ, ಸೋವಿಯತ್ ನಾಯಕನ ಹೆಸರಿನ ನಕಲಿ ‘ಜಿನೋವಿಯೆವ್ ಪತ್ರ’ ಕಮ್ಯುನಿಸ್ಟರ ಭೀತಿಯನ್ನು ಕೆರಳಿಸಿತು. ಲೇಬರ್ ಪಕ್ಷದ ಮತಗಳು 10 ಲಕ್ಷಕ್ಕೂ ಮೀರಿ ಹೆಚ್ಚಿದರೂ ಸ್ಥಾನಗಳು 151ಕ್ಕೆ ಇಳಿದವು. ಲಿಬರಲ್ ಪಕ್ಷಕ್ಕೆ ಉಳಿದದ್ದು 40.