ವೈದ್ಯರಲ್ಲದ ಮನೋಸೇವಕರು: ಒಂದು ವಿದ್ಯೆಯ ಇತಿಹಾಸ

“ಮಗಳು ಸೈಕಾಲಜಿ ಓದುತ್ತಾಳಂತೆ. ಮುಂದೆ ಮಾನಸಿಕ ರೋಗಿಗಳ ಸೇವೆಗೆ ಹೋಗುವ ಯೋಚನೆಯಂತೆ.” ನಮ್ಮ ಹೊರನಾಡ ಕನ್ನಡ ಮನೆಗಳಲ್ಲಿ ತಂದೆತಾಯಿಗಳು ಈ ಮಾತು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಗಿಂತ ಅಳುಕೇ ಹೆಚ್ಚಾಗಿರುತ್ತದೆ. ಡಾಕ್ಟರೂ ಅಲ್ಲದ, ಇಂಜಿನಿಯರೂ ಅಲ್ಲದ ಇದೆಂಥ ಉದ್ಯೋಗ? ಇದು ಈಚಿನ ಹೊಸ ಗೀಳೇ? ಇಂಥ ಕೆಲಸಕ್ಕೆ ಹೋದ ಹುಡುಗಿಗೆ ಸಂಬಂಧ ಕೂಡಿ ಬಂದೀತೇ? ಈ ಪ್ರಶ್ನೆಗಳಿಗೆ ಇತಿಹಾಸವೇ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಈ ವಿದ್ಯೆಯ ಬೇರುಗಳು ನಮ್ಮ ಮೈಸೂರು, ಬೆಂಗಳೂರುಗಳಲ್ಲಿಯೇ ಇವೆಯೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಂತಿಲ್ಲ.

ಮೊದಲಿಗೆ ಹಿಂದಿನ ಸ್ಥಿತಿಯನ್ನು ನೋಡೋಣ. ಬ್ರಿಟಿಷರ ಆಡಳಿತದಲ್ಲಿ ಮನೋರೋಗಿಗೆ ಇದ್ದದ್ದು ಹುಚ್ಚಾಸ್ಪತ್ರೆಯ ಎತ್ತರದ ಗೋಡೆ, ಅದರ ಹಿಂದೆ 1912ರ ಲೂನಸಿ ಕಾಯಿದೆ. ರೋಗಿಯನ್ನು ಸಮಾಜದಿಂದ ದೂರವಿಡುವುದೇ ಆ ಕಾಯಿದೆಯ ಮುಖ್ಯ ಚಿಂತೆ. ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟಿತು. ಇಂಗ್ಲೆಂಡಿನಲ್ಲಿ ಸುಮಾರು 300 ಜನರಿಗೆ ಮಾನಸಿಕ ಆಸ್ಪತ್ರೆಯ ಒಂದು ಹಾಸಿಗೆಯಿದ್ದರೆ ಭಾರತದಲ್ಲಿ ಸುಮಾರು 40,000 ಜನರಿಗೆ ಒಂದು ಎಂಬುದು ಅದರ ಲೆಕ್ಕ. ಹಾಸಿಗೆಗಿಂತ ದೊಡ್ಡ ಕೊರತೆ ತರಬೇತಾದ ಜನರದು. ಕಟ್ಟಡವನ್ನು ನಾಲ್ಕು ವರ್ಷದಲ್ಲಿ ಕಟ್ಟಬಹುದು. ಮನುಷ್ಯರನ್ನು ತಯಾರು ಮಾಡಲು ಹೆಚ್ಚು ಕಾಲ ಬೇಕು.

ಆ ತಯಾರಿ ವಿಶ್ವವಿದ್ಯಾನಿಲಯಗಳಲ್ಲಿ ಅದಕ್ಕೂ ಮೊದಲೇ ಶುರುವಾಗಿತ್ತು. ಕಲ್ಕತ್ತೆಯ ನಂತರ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ತೆರೆದ ಶ್ರೇಯಸ್ಸು ಮೈಸೂರಿನದು. 1924ರಲ್ಲಿ, ಬ್ರಜೇಂದ್ರನಾಥ ಸೀಲರು ಕುಲಪತಿಗಳಾಗಿದ್ದಾಗ, ಡಾ. ಎಂ. ವಿ. ಗೋಪಾಲಸ್ವಾಮಿಯವರು ಆ ವಿಭಾಗವನ್ನು ಕಟ್ಟಿದರು. ಅವರು ಲಂಡನ್ನಿನಲ್ಲಿ ಪ್ರೊ. ಸ್ಪಿಯರ್‌ಮನ್ನರ ಬಳಿ ಕಲಿತವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನ ರೇಡಿಯೋ ನಿಲಯವನ್ನು ಆರಂಭಿಸಿದವರೂ ಇವರೇ. ರೇಡಿಯೋ ಕಥೆ ನಮಗೆಲ್ಲ ಗೊತ್ತು; ಅವರ ಪ್ರಯೋಗಶಾಲೆಯ ಕಥೆ ಮಾತ್ರ ಹಿಂದೆ ಬಿದ್ದಿದೆ.

ಇನ್ನೊಂದು ಧಾರೆ ಮುಂಬಯಿಯಲ್ಲಿ ಹುಟ್ಟಿತು. 1936ರಲ್ಲಿ ನಾಗಪಾಡಾದಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರ ನೇತೃತ್ವದಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಆರಂಭವಾಯಿತು. ಮರುವರ್ಷವೇ ಅಲ್ಲಿ ಮಕ್ಕಳ ಮಾರ್ಗದರ್ಶನ ಕೇಂದ್ರ ತೆರೆಯಿತು. ಶಾಲೆಗೆ ಹೋಗದೆ ಹಟ ಮಾಡುವ ಮಗುವಿನ ತೊಂದರೆಯನ್ನು ಮಗುವಿನೊಳಗೆ ಮಾತ್ರವಲ್ಲ, ಅದರ ಮನೆಯಲ್ಲೂ ಓಣಿಯಲ್ಲೂ ಹುಡುಕಬೇಕೆಂಬ ದೃಷ್ಟಿ ಇಂಥ ಕೇಂದ್ರಗಳಿಂದ ಬಂದಿತು. 1944ರಲ್ಲಿ ಶಾಲೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೆಂಬ ಹೆಸರು ಪಡೆಯಿತು. 1948ರಲ್ಲಿ ಗೌರೀರಾಣಿ ಬ್ಯಾನರ್ಜಿಯವರು ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಶಿಕ್ಷಣವನ್ನು ಇಲ್ಲಿ ನೆಲೆಗೊಳಿಸಿದರು.

ಈ ಎರಡು ಧಾರೆಗಳು ಆಸ್ಪತ್ರೆಯೊಳಗೆ ಒಂದಾದದ್ದು ಬೆಂಗಳೂರಿನಲ್ಲಿ. ಭೋರ್ ಸಮಿತಿಯ ಸಲಹೆಯ ಫಲವಾಗಿ 1954ರಲ್ಲಿ ಕೇಂದ್ರ ಸರ್ಕಾರ ಮತ್ತು ಮೈಸೂರು ಸರ್ಕಾರ ಕೂಡಿ ಅಲ್ಲಿನ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡಂತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಸ್ಥಾಪಿಸಿದವು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1955ರ ಜನವರಿಯಲ್ಲಿ ಅಲ್ಲಿ ಎರಡು ಡಿಪ್ಲೊಮಾ ತರಗತಿಗಳು ಒಟ್ಟಿಗೆ ಆರಂಭವಾದವು. ಒಂದು ವೈದ್ಯರಿಗೆ; ಇನ್ನೊಂದು ಮೆಡಿಕಲ್ ಸೈಕಾಲಜಿಯ ಡಿಪ್ಲೊಮಾ, ವೈದ್ಯರಲ್ಲದ ಮನಶ್ಶಾಸ್ತ್ರದ ಪದವೀಧರರಿಗೆ. ಓದುಗರು ಈ ಒಂದು ಸಂಗತಿಯನ್ನು ಗಮನಿಸಬೇಕು. ವೈದ್ಯರಲ್ಲದವರ ಶಿಕ್ಷಣ ಆಮೇಲೆ ಯಾರೋ ಸೇರಿಸಿದ ಬಾಲಂಗೋಚಿಯಲ್ಲ. ವೈದ್ಯರ ಶಿಕ್ಷಣದ ಜೊತೆ ಒಂದೇ ತಿಂಗಳಲ್ಲಿ, ಒಂದೇ ಸೂರಿನಡಿ ಹುಟ್ಟಿದ ಅವಳಿ. ಮರುವರ್ಷ ದಾದಿಯರ ತರಬೇತಿ, 1968ರಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಡಿಪ್ಲೊಮಾ ಬಂದವು. ಈ ಸಂಸ್ಥೆಯೂ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ಇಂದು ನಾವೆಲ್ಲ ಬಲ್ಲ ‘ನಿಮ್ಹಾನ್ಸ್’ ಆಯಿತು.

ಇವರೆಲ್ಲ ಮಾಡುವ ಕೆಲಸವೇನು? ಮನೋವೈದ್ಯರು ರೋಗವನ್ನು ಗುರುತಿಸಿ ಔಷಧ ಕೊಡುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಬುದ್ಧಿ, ನೆನಪು, ಸ್ವಭಾವಗಳನ್ನು ಪರೀಕ್ಷೆಗಳಿಂದ ಅಳೆಯುತ್ತಾರೆ; ಮಾತಿನ ಮೂಲಕ, ಅಭ್ಯಾಸಗಳ ಮೂಲಕ ಚಿಕಿತ್ಸೆ ನಡೆಸುತ್ತಾರೆ. ಸಮಾಜ ಕಾರ್ಯಕರ್ತರು ರೋಗಿಯ ಮನೆಗೆ ಹೋಗಿ ಅತ್ತೆ-ಸೊಸೆ, ಸಾಲ, ಕೆಲಸ, ಕುಡಿತ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಾರೆ. ಗುಣವಾದವನಿಗೆ ಮನೆಯಲ್ಲಿ, ಕಚೇರಿಯಲ್ಲಿ ಮತ್ತೆ ಜಾಗ ಮಾಡಿಕೊಡುತ್ತಾರೆ. ಮಾತ್ರೆಯಿಂದ ನಿದ್ರೆ ಬಂದೀತು. ನಿಂತುಹೋದ ನೌಕರಿ ಬಾರದು. ಅಲ್ಲಿ ಬೇಕಾಗುವವರೇ ಇವರು.

ಈ ಕ್ಷೇತ್ರಕ್ಕೂ ಕನ್ನಡಕ್ಕೂ ಹತ್ತಿರದ ನಂಟು. ಕಲೆ, ಧರ್ಮ, ದರ್ಶನಗಳ ಬಗ್ಗೆ ವಿಪುಲವಾಗಿ ಬರೆದ ವಿದ್ವಾಂಸ ಸಾ. ಕೃ. ರಾಮಚಂದ್ರರಾಯರು ಇದೇ ಬೆಂಗಳೂರು ಸಂಸ್ಥೆಯಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು, ಅವರು ವೈದ್ಯರಲ್ಲ. ‘ಕೊರವಂಜಿ’ಯ ಮೂಲಕ ಕನ್ನಡಿಗರನ್ನು ನಗಿಸಿದ ರಾಶಿಯವರು ವೈದ್ಯರು, ಮನಸ್ಸಿನ ವಿಚಾರ ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಆಸ್ಪತ್ರೆಯಲ್ಲಿ ಕುಳಿತು ಹಳ್ಳಿಯ ರೋಗಿಗಾಗಿ ಕಾದರೆ ಸಾಲದೆಂಬುದು 1970ರ ದಶಕದಲ್ಲಿ ಮನವರಿಕೆಯಾಯಿತು. ಬೆಂಗಳೂರಿನ ಬಳಿಯ ಸಕಲವಾರದಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಮನೋರೋಗಗಳನ್ನು ಗುರುತಿಸುವ ತರಬೇತಿ ಕೊಡತೊಡಗಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು 1980ರ ದಶಕದ ಉತ್ತರಾರ್ಧದಲ್ಲಿ ಆರಿಸಿದ್ದು ಬಳ್ಳಾರಿಯನ್ನು. ಬಳ್ಳಾರಿಯ ಮಾದರಿಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ಸಾಮಾನ್ಯ ಜನರಿಂದ ಈ ಕೆಲಸ ನಿಜಕ್ಕೂ ಆದೀತೇ ಎಂಬ ಸಂಶಯಕ್ಕೆ ಗೋವಾದಲ್ಲಿ ಉತ್ತರ ಸಿಕ್ಕಿತು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟರು. ಇವರು ತೀವ್ರ ಖಿನ್ನತೆಯಲ್ಲಿದ್ದವರ ಜೊತೆ ಆರರಿಂದ ಎಂಟು ಬಾರಿ ಕ್ರಮವಾಗಿ ಕುಳಿತು ಮಾತನಾಡಿದರು. ಬರಿಯ ಮಾಮೂಲು ಚಿಕಿತ್ಸೆ ಪಡೆದವರಿಗಿಂತ ಇವರ ನೆರವು ಪಡೆದವರಲ್ಲಿ ಹೆಚ್ಚು ಮಂದಿ ಚೇತರಿಸಿಕೊಂಡರೆಂದು 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಇವರು ಮನಬಂದಂತೆ ಉಪದೇಶ ಮಾಡಿದವರಲ್ಲ; ಕಲಿತು, ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದವರು.

ಈ ಕೊನೆಯ ಮಾತನ್ನು ಕೋರ್ಸು ಹುಡುಕುವ ಮಕ್ಕಳೂ ಅವರ ಪೋಷಕರೂ ಮನಸ್ಸಿನಲ್ಲಿಡಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಯಾರೆಂಬುದಕ್ಕೆ ವ್ಯಾಖ್ಯೆ ಕೊಟ್ಟಿದೆ: ಸ್ನಾತಕೋತ್ತರ ಪದವಿ, ಅದರ ಮೇಲೆ ಮೇಲ್ವಿಚಾರಣೆಯಲ್ಲಿ ಎರಡು ವರ್ಷಗಳ ಪೂರ್ಣಾವಧಿಯ ಎಂ.ಫಿಲ್. 2022ರಲ್ಲಿ ಯು.ಜಿ.ಸಿ. ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು, ಈ ಎರಡು ವಿಷಯಗಳಿಗೆ ಮಾತ್ರ ಕೆಲಕಾಲದ ವಿನಾಯಿತಿ ದೊರೆಯಿತು. ಆದುದರಿಂದ ಸೇರುವ ವರ್ಷದ ನಿಯಮವನ್ನು ನೋಡಿಕೊಂಡೇ ಹಣ ಕಟ್ಟಬೇಕು. 2021ರ ಇನ್ನೊಂದು ಕಾಯಿದೆ ಆಪ್ತಸಲಹೆಗಾರರನ್ನೂ ಸಮಾಜ ಕಾರ್ಯಕರ್ತರನ್ನೂ ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿತು. ಹದಿನೈದು ದಿನದ ಸರ್ಟಿಫಿಕೇಟು ಹಿಡಿದು ಬೋರ್ಡು ಹಾಕುವುದು ಈ ಸೇವೆಗೆ ದಾರಿಯಲ್ಲ.

ಅಗತ್ಯವಂತೂ ಬಹಳ. 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಮತ್ತೊಂದು ಮಾತಿದೆ. ಮಗನ ಮನೆಗೆ ಬಂದು ಡೊಂಬಿವಲಿಯ ಮೂರನೆಯ ಮಹಡಿಯಲ್ಲಿ ನೆಲೆಸಿದ ಅಜ್ಜಿಗೆ ಸಂಕಟವಾದರೆ ಆಕೆ ‘ಡಿಪ್ರೆಶನ್’ ಎನ್ನುವುದಿಲ್ಲ. “ಎದೆ ಭಾರ”, “ಜೀವಕ್ಕೆ ಸಮಾಧಾನವಿಲ್ಲ”, “ಯಾತರಲ್ಲೂ ಮನಸ್ಸಿಲ್ಲ” ಎನ್ನುತ್ತಾಳೆ. ದೇಹದ ರೋಗವನ್ನು ಕೈಸನ್ನೆಯಲ್ಲಾದರೂ ತೋರಿಸಬಹುದು. ಮನಸ್ಸಿನ ನೋವು ಮಾತಿನಲ್ಲಿಯೇ ಹೊರಬರಬೇಕು, ಅದೂ ತಾಯ್ನುಡಿಯಲ್ಲಿ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆಗೆ (14416) ನಿಮ್ಹಾನ್ಸ್ ಕೇಂದ್ರಸ್ಥಾನ. ಕನ್ನಡದಲ್ಲಿಯೂ ಅಲ್ಲಿ ಮಾತನಾಡಬಹುದು. ಇಂಥ ಕಡೆಯೆಲ್ಲ ಎರಡು ಮೂರು ಭಾಷೆ ಬಲ್ಲವರು ಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ-ಇಂಗ್ಲಿಷು ಆಡಿ ಬೆಳೆದ ನಮ್ಮ ಮಕ್ಕಳಿಗೆ ಆ ಅರ್ಹತೆ ಹುಟ್ಟಿನಿಂದಲೇ ಬಂದಿದೆ. ಇನ್ನು ಬೇಕಾದದ್ದು ಸರಿಯಾದ ಶಿಕ್ಷಣ ಮತ್ತು ಮನೆಯವರ ಒಪ್ಪಿಗೆ. ಮೊದಲನೆಯದಕ್ಕೆ ಎಪ್ಪತ್ತು ವರ್ಷಗಳ ಹಿಂದೆಯೇ ಹಿರಿಯರು ಏರ್ಪಾಡು ಮಾಡಿದ್ದಾರೆ. ಎರಡನೆಯದು ನಮ್ಮ ಕೈಯಲ್ಲಿದೆ.