ಕಾಣದ ಪೆಟ್ಟು: ಕಾಂಪೋಸಿಟ್ ವಿಮಾನಭಾಗಗಳ ಹಾನಿಸಹಿಷ್ಣುತೆ ಕುರಿತು ಒಂದು ಟಿಪ್ಪಣಿ

ನಮ್ಮ ಸೀಮೆಯ ಹಳೆಯ ಕಲ್ಲುಗಣಿಗಳಲ್ಲಿ ಚಪ್ಪಡಿ ಎಬ್ಬಿಸಲು ಬಂಡೆಯ ಮೇಲೆ ಸೌದೆ ಉರಿಸುತ್ತಿದ್ದರು. ಕಾದ ಮೇಲ್ಪದರು ಹಿಗ್ಗಿ, ಕೆಳಗಿನ ಬಂಡೆಯಿಂದ ಬಿಡುತ್ತಿತ್ತು. ಮೇಲೆ ಒಂದು ಗೆರೆಯೂ ಕಾಣದಿದ್ದರೂ ಸುತ್ತಿಗೆ ತಟ್ಟಿದಾಗ ಸದ್ದು ಟೊಳ್ಳಾದ ಕಡೆ ಪದರು ಬಿಟ್ಟಿದೆಯೆಂದು ಕೆಲಸಗಾರರಿಗೆ ಗೊತ್ತಾಗುತ್ತಿತ್ತು. ಕಾರ್ಬನ್ ಎಳೆಯ ಪದರುಗಳನ್ನು ಎಪಾಕ್ಸಿ ಎಂಬ ಅಂಟಿನಿಂದ ಕೂಡಿಸಿದ ಕಾಂಪೋಸಿಟ್ ವಿಮಾನಭಾಗಕ್ಕೆ ಪೆಟ್ಟು ಬಿದ್ದಾಗ ಆಗುವುದೂ ಹೆಚ್ಚುಕಡಿಮೆ ಇದೇ. ವ್ಯತ್ಯಾಸವಿಷ್ಟೆ: ಇಲ್ಲಿ ಪದರು ಬಿಡಬಾರದು.

ನಮ್ಮ ತುಮಕೂರು ಜಿಲ್ಲೆಗೆ ಈ ವಿಷಯ ಈಗ ದೂರದ್ದಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಎಚ್‌ಎಎಲ್‌ನ ಧ್ರುವ ಹೆಲಿಕಾಪ್ಟರಿನ ರೋಟರ್ ಅಲಗುಗಳು ಕಾಂಪೋಸಿಟ್‌ನವು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಇದೇ ವಸ್ತು.

ಅಲ್ಯೂಮಿನಿಯಂ ತಗಡಿಗೆ ಸ್ಪ್ಯಾನರ್ ಬಿದ್ದರೆ ತಗ್ಗು ಬೀಳುತ್ತದೆ, ಏಟು ಎಷ್ಟೆಂದು ಆ ತಗ್ಗೇ ಹೇಳುತ್ತದೆ. ಕಾರ್ಬನ್-ಎಪಾಕ್ಸಿ ಹಾಗೆ ಬಾಗಿ ಉಳಿಯುವ ವಸ್ತುವಲ್ಲ. ಪೆಟ್ಟು ಬಿದ್ದಾಗ ಮೊದಲು ಎಪಾಕ್ಸಿಯಲ್ಲಿ ಸಣ್ಣ ಬಿರುಕು ಹುಟ್ಟುತ್ತದೆ. ಅದು ಎಳೆಗಳ ದಿಕ್ಕು ಬದಲಾಗುವ ಪದರುಗಳ ಗಡಿಗೆ ಬಂದು, ಅಡ್ಡಡ್ಡಲಾಗಿ ಹರಡಿ ಪದರು ಬಿಡಿಸುತ್ತದೆ. ಒಳಕ್ಕಿಳಿದಂತೆ ಹಾನಿ ಅಗಲವಾಗುವುದು ಸಾಮಾನ್ಯ. ಮೇಲಿನ ತಗ್ಗಾದರೋ ಕಾಲ ಕಳೆದಂತೆ, ತೇವ ಹೀರಿದಂತೆ, ಇನ್ನೂ ಆಳ ಕಳೆದುಕೊಳ್ಳಬಹುದು.

ಎಳೆ ಮುರಿಯದಿದ್ದರೂ ಬಲ ಕುಗ್ಗುವುದೇಕೆ? ಫಲಕದ ಬಾಗುಬಿಗಿತ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ಫಲಕ ಸರಿಯಾಗಿ ಎರಡಾಗಿ ಬಿಟ್ಟರೆ ಒಂದೊಂದು ಹೋಳಿಗೂ ಉಳಿಯುವುದು ಎಂಟನೇ ಒಂದು ಪಾಲು. ಎರಡೂ ಸೇರಿ ನಾಲ್ಕನೇ ಒಂದು. ನಾಲ್ಕಾಗಿ ಬಿಟ್ಟರೆ ಹದಿನಾರನೇ ಒಂದು. ಆದ್ದರಿಂದ ಎಳೆತಕ್ಕಿಂತ ಒತ್ತಡಕ್ಕೆ ಸಿಕ್ಕಾಗ ಅಪಾಯ ಹೆಚ್ಚು: ಬಿಟ್ಟ ಪದರುಗಳು ಒಂದೊಂದಾಗಿ ಬಾಗಿ ಹೊರಗುಬ್ಬುತ್ತವೆ.

ಪ್ರಯೋಗಾಲಯದ ರೂಢಿಯ ಪರೀಕ್ಷೆಯಲ್ಲಿ 150 × 100 ಮಿ.ಮೀ. ಫಲಕದ ಮೇಲೆ 16 ಮಿ.ಮೀ. ವ್ಯಾಸದ ಗುಂಡುಮೊನೆಯ ತೂಕ ಬೀಳಿಸಿ, ಆಮೇಲೆ ಅದನ್ನು ಒತ್ತಿ ಮುರಿಯುತ್ತಾರೆ. ಮಿಲಿಮೀಟರ್ ದಪ್ಪಕ್ಕೆ 6.7 ಜೂಲ್ ಲೆಕ್ಕ. ಐದು ಮಿ.ಮೀ. ಫಲಕಕ್ಕೆ ಸುಮಾರು 33 ಜೂಲ್; ಐದೂವರೆ ಕಿಲೋ ತೂಕ 60 ಸೆಂ.ಮೀ.ಗಿಂತ ತುಸು ಮೇಲಿನಿಂದ ಬಿದ್ದಷ್ಟು. ಉಪಕರಣದ ಪೆಟ್ಟಿಗೆ ಕೈಜಾರಿದರೆ ಇಷ್ಟು ಏಟು ಏನೂ ಅಪರೂಪವಲ್ಲ.

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2009ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಹಾನಿಯನ್ನು ಐದು ವರ್ಗವಾಗಿಸುತ್ತದೆ. ಕಣ್ಣಿಗೆ ಬೀಳದಷ್ಟು ಹಾನಿ ಮೊದಲ ವರ್ಗ: ಅದು ಇದ್ದೇ ಇದೆಯೆಂದು ಭಾವಿಸಿ, ಸೇವೆಯಲ್ಲಿ ನಿರೀಕ್ಷಿಸುವ ಗರಿಷ್ಠ ಭಾರದ ಒಂದೂವರೆ ಪಟ್ಟು ಹೊರುವಂತೆ ವಿನ್ಯಾಸ ಮಾಡಬೇಕು. ಎರಡನೆಯದು ನಿಗದಿತ ತಪಾಸಣೆಯಲ್ಲಿ, ಮೂರನೆಯದು ಕೆಲವೇ ಹಾರಾಟಗಳೊಳಗೆ ಸಿಗುವಂಥದ್ದು. ಹಕ್ಕಿ ಬಡಿದಂತೆ ಹಾರಾಟದಲ್ಲೇ ಪೈಲಟ್‌ಗೆ ತಿಳಿಯುವುದು ನಾಲ್ಕನೆಯದು. ಹಾನಿ ಕಾಣುವುದು ಎಷ್ಟು ತಡವೋ ಉಳಿದಿರಬೇಕಾದ ಬಲವೂ ಅಷ್ಟು ಹೆಚ್ಚು ಎಂಬುದು ಇದರ ಸೂತ್ರ.

ಐದನೆಯ ವರ್ಗ ಈ ಸೂತ್ರದ ಹೊರಗಿದೆ. ನೆಲದ ಮೇಲೆ ಸೇವಾವಾಹನ ಬಲವಾಗಿ ತಾಗುವಂಥ ಪೆಟ್ಟು ವಿನ್ಯಾಸದ ಲೆಕ್ಕಕ್ಕೇ ಬಂದಿರುವುದಿಲ್ಲ. ರಬ್ಬರ್ ಬಂಪರಿನ ಅಗಲ ಏಟು ಹೊರಗೆ ಗುರುತು ಬಿಡದೆಯೇ ಒಳಚೌಕಟ್ಟನ್ನು ಮುರಿಯಬಹುದು. ತಟ್ಟಿ ನೋಡುವ ವಿಧಾನ ಮೇಲಿನ ಕೆಲವು ಪದರುಗಳಿಗೆ, ತೆಳುವಾದ ಹೊದಿಕೆಗೆ ಸಾಕು; ಆಳಕ್ಕೆ ಶ್ರವಣಾತೀತ ತರಂಗಗಳೇ ಬೇಕು. ಆದರೆ ಯಾವ ಉಪಕರಣವನ್ನೂ ಎಲ್ಲಿಡಬೇಕೆಂದು ಮೊದಲು ಯಾರಾದರೂ ಹೇಳಬೇಕು. ಆದ್ದರಿಂದ ವಾಹನ ತಾಗಿಸಿದವನು ಹೆದರದೆ ಬಂದು ಹೇಳುವಂಥ ಏರ್ಪಾಡನ್ನೂ ಹಾನಿಸಹಿಷ್ಣುತೆಯ ಒಂದು ಭಾಗವೆಂದೇ ಎಣಿಸಬೇಕಾಗುತ್ತದೆ.